ಆರನೇ ಹಾಸಿಗೆಯ ಗೆರೆ

ನನ್ನ ಅಳಿಯ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಾನು ದರ್ಜಿ. ಬಟ್ಟೆ ಹೊಲಿದು ಕೊಟ್ಟರೆ ಹಾಕಿಕೊಂಡು ನೋಡುತ್ತಾರೆ, ಸರಿಯಿಲ್ಲದಿದ್ದರೆ ಬೈಯುತ್ತಾರೆ, ಅಲ್ಲಿಗೆ ಮುಗಿಯಿತು. ಇವನದು ಹಾಗಲ್ಲ. ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ ಎಂದು ಮಗಳು ಹೇಳುತ್ತಿದ್ದಳು. ನೋಡಿಕೊಳ್ಳುವುದೆಂದರೆ ಏನೇ, ಅವಕ್ಕೇನು ಜ್ವರ ಬರುತ್ತದೆಯೇ ಎಂದು ನಾನು ಅಳಿಯನ ಎದುರಿಗೇ ಕೇಳುತ್ತಿದ್ದೆ. ಅವನು ನಕ್ಕು ಸುಮ್ಮನಾಗುತ್ತಿದ್ದ. ಎದುರು ಮಾತಾಡದ ಅಳಿಯ ಸಿಕ್ಕಿದ್ದಾನೆ ಎಂದು ನೆಂಟರೆಲ್ಲ ಹೊಗಳುವವರೇ. ನನಗೆ ಮಾತ್ರ ಅವನ ಮುಖ ಕಂಡರೆ ಇನ್ನೊಂದು ಸಲ ಕೆಣಕೋಣ ಅನ್ನಿಸುತ್ತಿತ್ತು.

ಅಂಥ ನಾನು ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಾ ಕಣ್ಣು ಕತ್ತಲೆ ಬಂದು ಬಿದ್ದೆ. ತಿಂಡಿ ತಿಂದಿರಲಿಲ್ಲ, ಅಷ್ಟೇ. ಮಗಳು ಅಷ್ಟಕ್ಕೇ ಊರು ಒಂದು ಮಾಡಿದಳು. ಅಳಿಯ ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋಗಿ, ಹೃದಯದ ವಾರ್ಡಿನಲ್ಲಿ ಆರನೇ ಹಾಸಿಗೆ ಕೊಡಿಸಿದ. ನಾಲ್ಕು ದಿನ ಇಟ್ಟುಕೊಂಡು ನೋಡೋಣ ಎಂದರು ಡಾಕ್ಟರು.

ಹೆಂಗಸರ ವಾರ್ಡು. ಎಂಟು ಹಾಸಿಗೆ, ಎರಡೆರಡು ಹಾಸಿಗೆಯ ನಡುವೆ ಬಟ್ಟೆಯ ಪರದೆ. ಎದೆಯ ಮೇಲೆ ಅಲ್ಲಲ್ಲಿ ಅಂಟಿನ ಬಿಲ್ಲೆ ಅಂಟಿಸಿ, ಅವುಗಳ ವೈರುಗಳನ್ನೆಲ್ಲ ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಆ ಡಬ್ಬಿಯನ್ನು ಕೊರಳಿಗೆ ತೂಗುಹಾಕುತ್ತಿದ್ದರು. ಅದನ್ನು ಹಾಕಿಕೊಂಡೇ ಎದ್ದು ಓಡಾಡಬಹುದು, ಊಟ ಮಾಡಬಹುದು. ಹಾಸಿಗೆಯ ಪಕ್ಕ ಯಾವ ಯಂತ್ರವೂ ಇಲ್ಲ. ಎಂಟು ಜನರ ಎದೆಬಡಿತವೂ ನಡುವೆ ಇದ್ದ ಗಾಜಿನ ಕೌಂಟರಿನೊಳಗಿನ ಒಂದೇ ಒಂದು ದೊಡ್ಡ ಸ್ಕ್ರೀನಿಗೆ ಹೋಗುತ್ತಿತ್ತು. ಅದರ ಮುಂದೆ ಸದಾ ಒಬ್ಬ ನರ್ಸ್ ಕೂತಿರುತ್ತಿದ್ದಳು.

ನನ್ನ ಪಕ್ಕದ ಏಳನೇ ಹಾಸಿಗೆಯಲ್ಲಿ ಒಬ್ಬ ಬಸ್ ಕಂಡಕ್ಟರು. ನಲವತ್ತು ದಾಟಿದ ಗಟ್ಟಿ ಹೆಂಗಸು, ಇಡೀ ವಾರ್ಡಿಗೆ ಕೇಳುವಂಥ ಗಂಟಲು. ಓಡುತ್ತಿದ್ದ ಬಸ್ಸಿನಲ್ಲೇ ತಲೆ ತಿರುಗಿ ಪ್ರಯಾಣಿಕರ ಮಡಿಲಲ್ಲಿ ಬಿದ್ದಿದ್ದಳಂತೆ. "ಟೈಲರಕ್ಕಾ, ಯಾರ ಮಡಿಲಲ್ಲಿ ಬಿದ್ದೆ ಗೊತ್ತಾ? ಟಿಕೆಟ್ ತಗೊಳ್ದೆ ಕೂತಿದ್ದವನ ಮಡಿಲಲ್ಲಿ. ಅವನು ಹೆದರಿ ಟಿಕೆಟ್ ತಗೊಂಡ" ಎಂದು ಹೇಳಿ ಅವಳೇ ನಕ್ಕಳು. ನಾನು ಬೈದರೆ ಬೇಜಾರು ಮಾಡಿಕೊಳ್ಳದ ಹೆಂಗಸು ನನಗೆ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ. ಒಂದೇ ದಿನದಲ್ಲಿ ಅವಳು ನನ್ನನ್ನು ಅಕ್ಕ ಮಾಡಿಕೊಂಡಳು, ನಾನು ಅವಳನ್ನು ಕಂಡಕ್ಟ್ರಮ್ಮ ಎಂದು ಕರೆದೆ.

ಮಲಗಿದಲ್ಲಿಂದ ಆ ಸ್ಕ್ರೀನು ನನ್ನ ಕಣ್ಣಿಗೆ ನೇರ ಬೀಳುತ್ತಿತ್ತು. ಬಿದ್ದು ಚುಚ್ಚುತ್ತಿತ್ತು ಅನ್ನಬೇಕು. ಅಂಕಿಗಳೆಲ್ಲ ಊದಿಕೊಂಡು ಅಡ್ಡಡ್ಡ ಬೆಳೆದಿದ್ದವು. ಎದೆಬಡಿತದ ಗೆರೆಗಳು ಎಳೆದೆಳೆದು ಮಸುಕಾಗಿದ್ದವು. ಎಡಕ್ಕೊಂದು ಬಲಕ್ಕೊಂದು ಎರಡು ಸಾಲಾಗಿ, ಸಾಲಿಗೆ ಮೇಲಿಂದ ಕೆಳಕ್ಕೆ ನಾಲ್ಕರಂತೆ ಎಂಟು ಚೌಕ. ಪ್ರತಿ ಚೌಕದ ಮೂಲೆಯಲ್ಲಿ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಹಾಸಿಗೆಯ ನಂಬರು ಬರೆದಿದ್ದರು. ಅದರಡಿ, ಅದೇ ಮೂಲೆಯಲ್ಲಿ ಕಂಪ್ಯೂಟರೇ ತೋರಿಸುವ ನಂಬರು ಓದಲಾಗದಷ್ಟು ಮಸುಕಾಗಿತ್ತಂತೆ. ಅದಕ್ಕೆ ಯಾವ ಕಾಲದಲ್ಲೋ ನರ್ಸುಗಳೇ ಈ ಉಪಾಯ ಮಾಡಿಕೊಂಡಿದ್ದರು.

ಸಂಜೆ ಅಳಿಯ ನೋಡಲು ಬಂದಾಗ ನಾನು ಶುರು ಮಾಡಿದೆ. "ಅಳಿಯಂದಿರೇ, ನೀವು ನೋಡಿಕೊಳ್ಳೋ ಕಂಪ್ಯೂಟರ್ ಇದೇನಾ? ಹೊಟ್ಟೆ ಕೆಟ್ಟವರ ಹಾಗೆ ಊದಿಕೊಂಡಿದೆಯಲ್ಲ."

ಅವನು ಒಮ್ಮೆ ತಿರುಗಿ ನೋಡಿದ. "ಅಲ್ಲಿರೋದು ಬರೀ ಸ್ಕ್ರೀನು ಅತ್ತೆ. ಕಂಪ್ಯೂಟರ್ ಅಲ್ಲಿಲ್ಲ. ಕೆಳಗಡೆ ಒಂದು ರೂಮಲ್ಲಿ ದೊಡ್ಡ ಸರ್ವರ್ ಇದೆ. ಆಸ್ಪತ್ರೆಯ ಕಂಪ್ಯೂಟರ್‌ಗಳೆಲ್ಲ ಅದರೊಳಗೆ ಬಾಡಿಗೆಗೆ ಇದಾವೆ ಅಂದ್ಕೊಳ್ಳಿ. ವರ್ಚುವಲ್ ಮಷೀನ್ ಅಂತಾರೆ. ಕೈಯಲ್ಲಿ ಮುಟ್ಟೋಕಾಗಲ್ಲ, ಆದ್ರೆ ಕೆಲಸ ಎಲ್ಲ ಮಾಡ್ತವೆ."

"ನಿಮ್ಮ ಹಾಗಲ್ಲ ಅನ್ನಿ" ಎಂದೆ. ಪಕ್ಕದ ಹಾಸಿಗೆಯಲ್ಲಿ ಕಂಡಕ್ಟ್ರಮ್ಮ ಕಿಸಕ್ಕನೆ ನಕ್ಕಳು.

ಅವನಿಗೂ ನಗು ಬಂತು. "ಆ ಮಷೀನಿಗೆ ತನ್ನ ಚಿತ್ರ ಎಷ್ಟು ದೊಡ್ಡ ಗಾಜಿನ ಮೇಲೆ ಬೀಳತ್ತೆ ಅಂತ ತಾನಾಗಿ ಗೊತ್ತಾಗಲ್ಲ. ಡಿಸ್ಪ್ಲೇ ಡ್ರೈವರ್ ಅಂತ ಒಂದಿರತ್ತೆ, ಅದು ಹೇಳ್ಬೇಕು. ಅಡ್ಡಕ್ಕೆ ಇಷ್ಟು ಚುಕ್ಕೆ, ಉದ್ದಕ್ಕೆ ಇಷ್ಟು ಚುಕ್ಕೆ ಅಂತ. ಅದಕ್ಕೇ ರೆಸಲ್ಯೂಷನ್ ಅನ್ನೋದು. ಹಿಂದೆ ಇಲ್ಲಿ ಚಿಕ್ಕ ಸ್ಕ್ರೀನ್ ಇತ್ತು. ದೊಡ್ಡದು ತಂದು ಹಾಕಿದವರು ಅಳತೆ ಬದಲಾಯಿಸಲಿಲ್ಲ. ಡ್ರೈವರ್ ಇನ್ನೂ ಹಳೇ ಅಳತೆಯನ್ನೇ ಹೇಳ್ತಾ ಇದೆ, ಸ್ಕ್ರೀನು ಅದನ್ನೇ ಎಳೆದು ಹಿಗ್ಗಿಸ್ತಾ ಇದೆ."

"ಅಂದ್ರೆ ಅಳತೆ ತಗೊಳ್ದೆ ಹೊಲಿದು ಕೊಟ್ಟಿದೀರಿ."

"ಹೂಂ, ಹಾಗೇ."

ಅವನು ಮಾಡುವ ಕೆಲಸ ನನಗೆ ಅರ್ಥವಾದದ್ದು ಅದೇ ಮೊದಲು. ಅರ್ಥವಾಯಿತು ಎಂದು ತೋರಿಸಿಕೊಳ್ಳಲು ಮನಸ್ಸಾಗಲಿಲ್ಲ. "ಗೊತ್ತಿದ್ದೂ ಯಾಕೆ ಸುಮ್ಮನಿದೀರಿ ಮತ್ತೆ?" ಎಂದೆ.

"ಯಾರೂ ಕೇಳ್ಲಿಲ್ಲ ಅತ್ತೆ. ಕೆಲಸ ನಡೀತಾ ಇದೆಯಲ್ಲ."

"ಡ್ರೈವರಿಗೆ ದಾರಿ ಗೊತ್ತಿಲ್ದಿದ್ರೆ ಬೈಸ್ಕೊಳ್ಳೋದು ಕಂಡಕ್ಟ್ರೇ. ಸರಿ ಮಾಡಿಬಿಡಿ ಸಾರ್" ಎಂದಳು ಕಂಡಕ್ಟ್ರಮ್ಮ.

ಮರುದಿನ ಮಧ್ಯಾಹ್ನ ಅವನು ಬಂದು ಕೌಂಟರಿನಲ್ಲಿ ಕೂತ. ವಾರ್ಡಿನ ಹಿರಿಯ ಸಿಸ್ಟರು ಕೈಕಟ್ಟಿಕೊಂಡು ಹಿಂದೆ ನಿಂತಿದ್ದರು. ಏನೋ ಒತ್ತಿದ, ಸ್ಕ್ರೀನು ಒಂದು ಗಳಿಗೆ ಕಪ್ಪಾಯಿತು, ಮತ್ತೆ ಬಂತು. ಬಂದದ್ದನ್ನು ಕಂಡು ಎದ್ದು ಕೂತೆ. ಗೆರೆಗಳು ಈಗಷ್ಟೇ ಚೂಪು ಮಾಡಿದ ಪೆನ್ಸಿಲಿನಲ್ಲಿ ಎಳೆದಂತಿದ್ದವು. ಅಂಕಿಗಳು ಅಷ್ಟು ದೂರದಿಂದಲೂ ಓದುವಂತಿದ್ದವು. ಎಂಟು ಚೌಕಗಳೂ ಇದ್ದಲ್ಲೇ ಇದ್ದವು. ಅಳಿಯ ಒಂದು ಪ್ಲಾಸ್ಟರಿನ ತುದಿಗೆ ಉಗುರು ಹಾಕಿ ಕೀಳಹೊರಟ. ಸಿಸ್ಟರು ಅವನ ಕೈ ಹಿಡಿದರು.

"ಅದನ್ನ ಮುಟ್ಟಬೇಡಿ ಸಾರ್. ಅದಿಲ್ಲದಿದ್ರೆ ನಮ್ಮ ಹುಡುಗಿಯರಿಗೆ ಕೈಕಾಲು ಆಡಲ್ಲ. ಕಣ್ಣು ಮುಚ್ಚಿಕೊಂಡು ಹೇಳ್ತಾರೆ ಯಾವ ನಂಬರ್ ಎಲ್ಲಿ ಅಂತ."

"ಇದನ್ನ ಕಿತ್ರೆ ಈಗ ಒಳಗಿನ ನಂಬರೇ ಚೆನ್ನಾಗಿ ಕಾಣತ್ತೆ ಸಿಸ್ಟರ್."

"ಕಾಣ್ಲಿ ಬಿಡಿ. ಇದೂ ಇರ್ಲಿ."

ಅವನು ಕೈ ಹಿಂದಕ್ಕೆ ತೆಗೆದ. ಆದರೂ ಅವನದು ಎರಡೆರಡು ಸಲ ನೋಡುವ ಸ್ವಭಾವ. ಒಂದನೇ ಹಾಸಿಗೆಯ ಅಜ್ಜಿಯ ಹತ್ತಿರ ಹೋಗಿ ವೈರು ಒಮ್ಮೆ ತೆಗೆದು ಹಾಕಿಸಿದ. ಒಂದು ಎಂದು ಬರೆದ ಚೌಕವೇ ಕೂಗಿತು. ಆ ತುದಿಯ ಎಂಟನೇ ಹಾಸಿಗೆಯಲ್ಲೂ ಹಾಗೇ ಮಾಡಿಸಿದ. ಎಂಟು ಎಂದು ಬರೆದದ್ದೇ ಕೂಗಿತು. ಮೊದಲನೆಯದೂ ಸರಿ, ಕೊನೆಯದೂ ಸರಿ. ನಡುವಿನವರು ಮಧ್ಯಾಹ್ನದ ಊಟ ಮಾಡಿ ಮಲಗಿದ್ದರು, ಅವರನ್ನು ಎಬ್ಬಿಸುವುದೇಕೆ ಎಂದರು ಸಿಸ್ಟರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೊರಡುವ ಮುಂಚೆ ನನ್ನ ಹತ್ತಿರ ಬಂದು ನಿಂತ. ಏನು ಹೇಳುತ್ತೀರಿ ಎಂಬಂತೆ ನೋಡಿದ. ನನಗೇ ಗೊತ್ತಾಗದೆ ಬಾಯಿಂದ ಬಂತು. "ಚೆನ್ನಾಗಿ ಮಾಡಿದ್ರಿ. ಅಳತೆ ಅಂದ್ರೆ ಹೀಗಿರಬೇಕು." ಮಗಳ ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಅವನನ್ನು ಹೊಗಳಿದ್ದು ಅದೇ ಮೊದಲು. ಅವನು ಕಿವಿಯವರೆಗೆ ಕೆಂಪಾಗಿ, ಬಾಗಿಲು ಎಂದುಕೊಂಡು ಪರದೆಯೊಳಗೆ ನುಗ್ಗಲು ಹೋದ.

ಅದರ ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಯಾವಾಗಲೂ ಮೊದಲು ಕೌಂಟರಿಗೆ ಹೋಗಿ ಸ್ಕ್ರೀನು ನೋಡಿ, ಆಮೇಲೆ ಹಾಸಿಗೆಗಳ ಹತ್ತಿರ ಬರುವುದು ಅವರ ಪದ್ಧತಿ. ಆ ದಿನ ಕೌಂಟರಿನಲ್ಲಿ ಬಹಳ ಹೊತ್ತು ನಿಂತರು. ಸಿಸ್ಟರನ್ನು ಕರೆದು ತೋರಿಸಿದರು. ಇಬ್ಬರೂ ತಿರುಗಿ ನೋಡಿದ್ದು ನನ್ನನ್ನು.

"ತಲೆ ಸುತ್ತತ್ತಾ?" ಎಂದರು ಡಾಕ್ಟರು.

"ಇಲ್ಲ."

"ಉಸಿರು ಕಟ್ಟಿದ ಹಾಗೆ?"

"ನಿಮ್ಮ ಆಸ್ಪತ್ರೆಯ ಊಟ ನೋಡಿದಾಗ ಮಾತ್ರ."

ಅವರು ನಗಲಿಲ್ಲ. ಎದೆಗೆ ನಳಿಗೆ ಇಟ್ಟು ಕೇಳಿದರು. "ಈಗ ಸರಿಯಾಗೇ ಇದೆ. ಆದ್ರೆ ಇದು ಬಂದು ಹೋಗೋ ಕಾಯಿಲೆ. ನಿನ್ನೆ ಸಂಜೆಯಿಂದ ನಿಮ್ಮ ಗೆರೆ ಆಗಾಗ ನಿಂತು ಹೋಗ್ತಾ ಇದೆ. ಎದೆ ಬಡಿಯೋದನ್ನೇ ಒಂದೆರಡು ಕ್ಷಣ ಮರೆಯತ್ತೆ. ಹೀಗೇ ಬಿಟ್ರೆ ಒಂದು ದಿನ ಪೂರ್ತಿ ಮರೀಬಹುದು. ಒಂದು ಚಿಕ್ಕ ಮಷೀನು ಎದೆಯೊಳಗೆ ಇಡಬೇಕು. ನಾಳೆಯೇ ಮಾಡೋಣ."

ನನ್ನ ನಾಲಿಗೆ ಬಿದ್ದುಹೋಯಿತು. ನನಗೆ ಮಾತು ಸಿಗದೇ ಹೋದದ್ದು ನನ್ನ ಗಂಡ ಸತ್ತ ದಿನ, ಅದು ಬಿಟ್ಟರೆ ಅವತ್ತು. ಒಂದು ನೋವಿಲ್ಲ, ಸುಸ್ತಿಲ್ಲ, ಇದ್ದಕ್ಕಿದ್ದಂತೆ ನಿನ್ನ ಎದೆ ನಿಲ್ಲುತ್ತಿದೆ ಎಂದರೆ ಯಾರಿಗೆ ನಂಬಿಕೆ ಬರುತ್ತದೆ? ಆದರೆ ಸ್ಕ್ರೀನು ಅಲ್ಲೇ ಇತ್ತು. ನನ್ನ ಅಳಿಯನೇ ಸರಿಮಾಡಿಟ್ಟ, ಕನ್ನಡಿಯಷ್ಟು ಸ್ಪಷ್ಟವಾದ ಸ್ಕ್ರೀನು. ಬಲಗಡೆಯ ಸಾಲಿನಲ್ಲಿ ಮೇಲಿನಿಂದ ಮೂರನೆಯ ಚೌಕ, ಮೂಲೆಯಲ್ಲಿ ಆರು ಎಂಬ ಪ್ಲಾಸ್ಟರು. ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು, ಇದ್ದಕ್ಕಿದ್ದಂತೆ ನೆಲಕ್ಕೆ ಮಲಗುತ್ತಿತ್ತು, ಮತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಏಳುತ್ತಿತ್ತು. ಅದನ್ನು ನೋಡುತ್ತಾ ನಾನೇ ಉಸಿರು ಹಿಡಿದುಕೊಳ್ಳುತ್ತಿದ್ದೆ.

ಡಾಕ್ಟರು ಪಕ್ಕದ ಹಾಸಿಗೆಗೆ ಹೋದರು. "ನಿಮ್ಮದು ಬಹಳ ಚೆನ್ನಾಗಿದೆಯಲ್ಲಮ್ಮ. ನಿನ್ನೆಯಿಂದ ಒಂದೂ ತಪ್ಪಿಲ್ಲ. ನಾಳೆ ಮನೆಗೆ ಹೋಗಿ."

"ಸ್ವಲ್ಪ ತಲೆ ತಿರುಗತ್ತೆ ಡಾಕ್ಟ್ರೇ" ಎಂದಳು ಕಂಡಕ್ಟ್ರಮ್ಮ.

"ಮಲಗೀ ಮಲಗೀ ಹಾಗಾಗತ್ತೆ. ಮನೆಗೆ ಹೋಗಿ ನಾಲ್ಕು ಹೆಜ್ಜೆ ಓಡಾಡಿದ್ರೆ ಸರಿಹೋಗತ್ತೆ."

ಆ ದಿನವಿಡೀ ಅವಳು ತನ್ನ ಖುಷಿಯನ್ನು ಅದುಮಿಟ್ಟುಕೊಂಡಿದ್ದಳು. ನನ್ನ ಮಗಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಾಗ ಅವಳೂ ಕಣ್ಣೊರೆಸಿಕೊಂಡಳು. ಮಗಳು ಹೋದ ಮೇಲೆ ತನ್ನ ಕುರ್ಚಿ ಎಳೆದುಕೊಂಡು ಬಂದು ನನ್ನ ಪಾದ ಒತ್ತಿದಳು. ಬೇಡ ಎಂದರೂ ಕೇಳಲಿಲ್ಲ. "ನಮ್ಮ ಡಿಪೋದಲ್ಲಿ ಒಬ್ರಿಗೆ ಆ ಮಷೀನು ಇಟ್ಟಿದಾರಕ್ಕ. ಈಗ ಮೂರು ಮಹಡಿ ಹತ್ತಿ ಬರ್ತಾರೆ, ಬಂದು ಎಲ್ಲರಿಗೂ ಬೈತಾರೆ. ನಿನಗೂ ಏನೂ ಆಗಲ್ಲ. ಇಷ್ಟು ಬೈಯೋರನ್ನ ಯಮ ಯಾಕೆ ಕರ್ಕೊಂಡು ಹೋಗ್ತಾನೆ, ಅವನಿಗೇನು ಬುದ್ಧಿ ಇಲ್ವಾ?" ಹೇಳುತ್ತಾ ಹೇಳುತ್ತಾ ಅವಳ ಕೈ ನಿಂತಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಆಮೇಲೆ ತಲೆ ಕೊಡವಿ ಮತ್ತೆ ಒತ್ತತೊಡಗಿದಳು. ನನಗೆ ಆ ಕ್ಷಣದಲ್ಲಿ ಕಂಡದ್ದು ನನ್ನ ಗೆರೆ ಮಾತ್ರ. ಗಾಜಿನಾಚೆ ಅದು ಆಗ ತಾನೇ ಮಲಗಿ ಎದ್ದಿತ್ತು.

ಅಸೂಯೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಇವಳು ನಾಳೆ ಮನೆಗೆ, ನಾನು ಕತ್ತರಿಯ ಬಾಯಿಗೆ. ಬೇರೆಯವರ ಬಟ್ಟೆ ಕತ್ತರಿಸಿಯೇ ಬದುಕಿದವಳ ಎದೆಯನ್ನು ಈಗ ಬೇರೆಯವರು ಕತ್ತರಿಸುತ್ತಾರೆ.

ಮರುದಿನ ಬೆಳಿಗ್ಗೆ ನನ್ನನ್ನು ಹತ್ತಕ್ಕೆ ಕರೆದುಕೊಂಡು ಹೋಗುವುದು ಎಂದಿತ್ತು. ಕಂಡಕ್ಟ್ರಮ್ಮ ತನ್ನ ಸಾಮಾನೆಲ್ಲ ಚೀಲಕ್ಕೆ ತುಂಬಿದಳು. ಅವಳ ಗಂಡ ಅದೇ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಪಾಳಿ ಮುಗಿಸಿ ನೇರ ಬರುತ್ತಾನೆ ಎಂದಳು. "ಬಟ್ಟೆ ಬದಲಾಯಿಸ್ತೀನಕ್ಕ, ಆಮೇಲೆ ನಿನ್ನ ಜೊತೆ ಆಪರೇಷನ್ ರೂಮಿನ ಬಾಗಿಲವರೆಗೂ ಬರ್ತೀನಿ. ವೈರು ಕೊನೆಗೆ ಸಿಸ್ಟರೇ ತೆಗೀತಾರಂತೆ" ಎಂದು ನಮ್ಮಿಬ್ಬರ ನಡುವಿನ ಪರದೆ ಎಳೆದುಕೊಂಡಳು.

ಪರದೆಯ ಹಿಂದೆ ಚೀಲ ಬಿದ್ದ ಸದ್ದಾಯಿತು. "ಏನು ಕಂಡಕ್ಟ್ರಮ್ಮ, ಲಗೇಜು ಜಾಸ್ತಿಯಾಯ್ತಾ?" ಎಂದೆ. ಉತ್ತರ ಬರಲಿಲ್ಲ. ಬಟ್ಟೆ ತಲೆಯ ಮೇಲಿಂದ ಎಳೆದುಕೊಳ್ಳುತ್ತಿರಬೇಕು ಎಂದುಕೊಂಡೆ.

ಆಗ ಕೌಂಟರಿನಲ್ಲಿ ಗಂಟೆ ಹೊಡೆಯತೊಡಗಿತು. ಸಣ್ಣ ಕೂಗಲ್ಲ, ಒಂದೇ ಸಮನೆ ಕಿರುಚುವಂಥದ್ದು. "ಆರು, ಆರು" ಎಂದು ಅಲ್ಲಿ ಕೂತಿದ್ದ ನರ್ಸ್ ಕೂಗಿದಳು. ಹಿರಿಯ ಸಿಸ್ಟರು, ಇನ್ನೊಬ್ಬ ನರ್ಸ್, ಒಬ್ಬ ಚಿಕ್ಕ ಡಾಕ್ಟರು, ಒಂದು ಗಾಲಿಗಾಡಿ, ಎಲ್ಲ ನನ್ನ ಮೇಲೆ ನುಗ್ಗಿ ಬಂದವು. ನಾನು ದಿಂಬಿಗೆ ಒರಗಿ ಕೂತು ಕನ್ನಡಕ ಒರೆಸುತ್ತಿದ್ದೆ.

"ಏನ್ರೀ ಇದು, ದಂಡು ಕಟ್ಕೊಂಡು ಬಂದಿದೀರಿ?" ಎಂದೆ.

ಅವರೆಲ್ಲ ಗರ ಬಡಿದವರಂತೆ ನಿಂತರು. ಆಮೇಲೆ ಸಿಸ್ಟರು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಜೀವ ಹೋಗಿತ್ತಮ್ಮ ನಮ್ಮದು. ಸ್ಕ್ರೀನಲ್ಲಿ ನೀವು ನಿಂತೇಹೋಗಿದೀರಿ."

"ಎದೆ ನಿಂತವಳು ಹೀಗೆ ಬಾಯಿ ಮಾಡ್ತಾಳೇನ್ರೀ?"

ಚಿಕ್ಕ ಡಾಕ್ಟರೂ ನಕ್ಕರು. "ಬಿಲ್ಲೆ ಬಿಟ್ಟುಹೋಗಿರಬೇಕು, ಬೇರೆ ಹಾಕಿ" ಎಂದರು. ಸಿಸ್ಟರು ನನ್ನ ಎದೆಯ ಮೇಲಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು ಹೊಸದು ಅಂಟಿಸತೊಡಗಿದರು. ಆತುರ ಮಾಡಲಿಲ್ಲ. ಹೆದರಿದ್ದವರಿಗೆ ಭಯ ಇಳಿದ ಮೇಲೆ ಕೈ ನಿಧಾನವಾಗುತ್ತದೆ. ಅಳಿಯಂದಿರು ಎಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದಾರೆ, ಈಗ ನಿಮ್ಮ ಬಿಲ್ಲೆಯೇ ಸರಿಯಿಲ್ಲ ನೋಡಿ ಎಂದು ಚೇಷ್ಟೆಯನ್ನೂ ಮಾಡಿದರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹಲ್ಲು ಕಿತ್ತು ಎಸೆಯೋಣ ಅನ್ನಿಸುತ್ತದೆ.

ಕೌಂಟರಿನಿಂದ ನರ್ಸ್ ಮತ್ತೆ ಕೂಗಿದಳು. "ಸಿಸ್ಟರ್, ಈಗ ನಾಲ್ಕೂ ಹೋಯ್ತು. ಆರು ಇನ್ನೂ ಬಂದೇ ಇಲ್ಲ."

ಎಲ್ಲರೂ ನಾಲ್ಕನೇ ಹಾಸಿಗೆಯತ್ತ ತಿರುಗಿದರು. ನಾಲ್ಕರ ಹೆಂಗಸು ಕಾಲು ಚಾಚಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಸಿಸ್ಟರು ನನ್ನ ಕೊನೆಯ ವೈರು ಸಿಕ್ಕಿಸಿದರು. "ನಾಲ್ಕು ಬಂತು" ಎಂದಳು ಕೌಂಟರಿನವಳು. "ಮಷೀನಿಗೆ ತಲೆ ಕೆಟ್ಟಿದೆ" ಎಂದರು ಸಿಸ್ಟರು.

ನನ್ನ ಆಪರೇಷನ್ನಿಗೆಂದು ಮಗಳೂ ಅಳಿಯನೂ ಅದೇ ಹೊತ್ತಿಗೆ ಬಾಗಿಲಲ್ಲಿ ಬಂದರು. ಸಿಸ್ಟರು ಅವನನ್ನು ಕಂಡದ್ದೇ ದೂರು ಹೇಳಿದರು. ಆರರ ವೈರು ಕಿತ್ತರೆ ನಾಲ್ಕು ಕೂಗುತ್ತದೆ, ಹಾಕಿದರೆ ನಾಲ್ಕು ಸುಮ್ಮನಾಗುತ್ತದೆ, ಆರಕ್ಕೆ ಏನೂ ಆಗುವುದಿಲ್ಲ. ಅಳಿಯ ಸ್ಕ್ರೀನಿನ ಮುಂದೆ ನಿಂತ. "ಇನ್ನೊಂದು ಸಲ ತೆಗೀರಿ" ಎಂದ. ಸಿಸ್ಟರು ನನ್ನ ವೈರು ಎಳೆದರು. ನಾಲ್ಕು ಕೂಗಿತು.

ಅವನ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ನಾನು ಇಲ್ಲಿಂದಲೇ ಕಂಡೆ. ಯಾರನ್ನೂ ಕೇಳದೆ ಆರು ಎಂಬ ಪ್ಲಾಸ್ಟರಿಗೆ ಉಗುರು ಹಾಕಿ ಕಿತ್ತ. ಅದರ ಕೆಳಗೆ, ಮೂಲೆಯಲ್ಲಿ, ಅಚ್ಚುಕಟ್ಟಾಗಿ, ಹೊಸ ಅಳತೆಯಲ್ಲಿ ಒಂಚೂರೂ ಮಸುಕಿಲ್ಲದೆ, ಏಳು ಎಂದಿತ್ತು.

"ಏಳು ಯಾರು?" ಎಂದ. ಉತ್ತರಕ್ಕೆ ಕಾಯಲಿಲ್ಲ. ಓಡಿ ಬಂದು ನನ್ನ ಪಕ್ಕದ ಪರದೆ ಎಳೆದ.

ಕಂಡಕ್ಟ್ರಮ್ಮ ಹಾಸಿಗೆಗೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಹೊಸ ಅಂಗಿಯ ಒಂದು ತೋಳು ಹಾಕಿಕೊಂಡಿದ್ದಳು, ಇನ್ನೊಂದು ಹಾಗೇ ಇತ್ತು. ಕೊರಳಲ್ಲಿ ಡಬ್ಬಿ ಇತ್ತು. ಎಲ್ಲರೂ ನನ್ನನ್ನು ಬಿಟ್ಟು ಅವಳ ಮೇಲೆ ಬಿದ್ದರು. ಎದೆ ಒತ್ತಿದರು, ಶಾಕ್ ಕೊಟ್ಟರು, ಸೂಜಿ ಚುಚ್ಚಿದರು. ದೊಡ್ಡ ಡಾಕ್ಟರು ಓಡಿ ಬಂದರು. ನಾನು ಹಾಸಿಗೆಯ ಮೇಲೆ ಮಂಡಿಯೂರಿ ನೋಡುತ್ತಿದ್ದೆ. ಅಲ್ಲಿ, ಒಂದು ಕೈಯಳತೆಯ ದೂರದಲ್ಲಿ, ಒಂದು ಬಟ್ಟೆಯ ಆಚೆ, ಇವಳು ಸಾಯುತ್ತಿದ್ದಾಗ ಇಡೀ ಆಸ್ಪತ್ರೆ ನನ್ನ ಸುತ್ತ ನಿಂತು ನಗುತ್ತಿತ್ತು.

ದೊಡ್ಡ ಡಾಕ್ಟರು ಕೊನೆಗೆ ಕೈ ತೆಗೆದರು. ಸಿಸ್ಟರು ನೆಲದ ಮೇಲೇ ಕೂತುಬಿಟ್ಟರು.

ಅವಳನ್ನು ಹಾಸಿಗೆಯ ಮೇಲೆ ಮಲಗಿಸಿ ಪರದೆ ಮುಚ್ಚಿದರು. ಅಳಿಯ ಕೌಂಟರಿಗೆ ಹೋಗಿ ಉಳಿದ ಪ್ಲಾಸ್ಟರುಗಳನ್ನೂ ಒಂದೊಂದಾಗಿ ಕಿತ್ತ. ಎರಡರ ಕೆಳಗೆ ಐದು ಇತ್ತು. ಮೂರರ ಕೆಳಗೆ ಎರಡು. ನಾಲ್ಕರ ಕೆಳಗೆ ಆರು, ಅಂದರೆ ನಾನು. ಏಳರ ಕೆಳಗೆ ನಾಲ್ಕು. ಒಂದರ ಕೆಳಗೆ ಒಂದೇ ಇತ್ತು, ಎಂಟರ ಕೆಳಗೆ ಎಂಟೇ ಇತ್ತು. ದೊಡ್ಡ ಡಾಕ್ಟರಿಗೆ ಅವನು ಹೇಳಿದ್ದು ನನಗೂ ಕೇಳಿಸಿತು. ಆ ಪ್ರೋಗ್ರಾಮಿಗೆ ಚೌಕ ಜೋಡಿಸುವ ಎರಡು ರೀತಿಯಿದೆಯಂತೆ. ಚಿಕ್ಕ ಸ್ಕ್ರೀನು ಅಂತ ಡ್ರೈವರ್ ಹೇಳಿದರೆ ಒಂದು, ಎರಡು ಎಂದು ಅಡ್ಡಕ್ಕೆ ಜೋಡಿಸುತ್ತದೆ. ಅಗಲದ ಸ್ಕ್ರೀನು ಎಂದರೆ ಒಂದು ಸಾಲು ಮೇಲಿಂದ ಕೆಳಗೆ ಮುಗಿಸಿ ಆಮೇಲೆ ಇನ್ನೊಂದು ಸಾಲು. ಅವನು ಹೊಸ ಅಳತೆ ಕೊಟ್ಟ ಗಳಿಗೆಯಲ್ಲೇ ಅದು ಯಾರಿಗೂ ಹೇಳದೆ ಜಾಗ ಬದಲಾಯಿಸಿತ್ತು. ಚೌಕಗಳು ಇದ್ದಲ್ಲೇ ಇದ್ದವು, ಒಳಗಿನವರು ಮಾತ್ರ ಬೇರೆಯಾಗಿದ್ದರು. ಯಾರು ಎಲ್ಲಿ ಎಂದು ಹೇಳುವ ನಂಬರು ಪ್ಲಾಸ್ಟರಿನ ಕೆಳಗಿತ್ತು.

"ಅಂದ್ರೆ ನಿಂತು ನಿಂತು ಬರ್ತಿದ್ದ ಗೆರೆ..." ಎಂದರು ಡಾಕ್ಟರು.

"ಅವರದ್ದು" ಎಂದ ಅಳಿಯ.

ಡಾಕ್ಟರು ಮುಚ್ಚಿದ ಪರದೆಯ ಕಡೆ ಒಮ್ಮೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅವರ ಮನೆಯವರು ಬಂದ್ರೆ ನಾನೇ ಮಾತಾಡ್ತೀನಿ. ಹೃದಯದ ವಿಷಯ, ಇದ್ದಕ್ಕಿದ್ದ ಹಾಗೆ ಹೀಗಾಗೋದುಂಟು ಅಂದ್ರೆ ಸಾಕು. ಸ್ಕ್ರೀನಿನ ಮಾತು ಈಗ ಯಾರೂ ಎತ್ತಬೇಡಿ" ಎಂದು ಹೇಳಿ, ಮೇಲಿನವರಿಗೆ ಫೋನ್ ಮಾಡಲು ಹೋದರು.

ಮಗಳು ಬಂದು ನನ್ನನ್ನು ತಬ್ಬಿಕೊಂಡಳು. "ನಿನಗೇನೂ ಇಲ್ಲ ಅಮ್ಮ. ನಿನ್ನ ಎದೆಗೆ ಏನೂ ಆಗಿಲ್ಲ. ಕೇಳಿಸ್ತಾ?" ಎಂದು ಅಳುತ್ತಾ ನಕ್ಕಳು. ಕೇಳಿಸಿತು. ಒಳಗೆ ಎಲ್ಲೋ ನನಗೂ ಸಂತೋಷವಾಯಿತು. ಬದುಕಿದೆ ಎಂದು ಕುಣಿಯುವ ಆ ಸಂತೋಷವನ್ನು ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಗಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಯಾರ ಹತ್ರಾನೂ ಬಾಯಿ ಬಿಡಬೇಡ. ಇವರನ್ನ ಜೈಲಿಗೆ ಹಾಕ್ತಾರಮ್ಮ. ನಿನಗೆ ಕೈ ಮುಗೀತೀನಿ."

ಅವಳ ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಡಿಪೋದ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು. ಅವನ ಹೆಂಡತಿಯ ಹಾಸಿಗೆಯ ಪರದೆ ಮುಚ್ಚಿದ್ದನ್ನು ನೋಡಿ, ಬಟ್ಟೆ ಬದಲಾಯಿಸುತ್ತಿರಬೇಕು ಎಂದುಕೊಂಡು, ಸಂಕೋಚದಿಂದ ನನ್ನ ಕಡೆ ಬಂದ. ಸಿಸ್ಟರು ಎದ್ದು ನಿಂತರು.

"ನೀವೇ ಅಲ್ವಾ ಟೈಲರಮ್ಮ?" ಎಂದ ಅವನು. "ಹೇಗಿದೀರಿ? ಇವತ್ತು ನಿಮಗೆ ಆಪರೇಷನ್ ಅಂತೆ. ನಿನ್ನೆ ಫೋನಲ್ಲಿ ಪೂರ್ತಿ ನಿಮ್ಮದೇ ಮಾತು. ಅಷ್ಟು ಚೆನ್ನಾಗಿರೋ ಮನುಷ್ಯಳಿಗೆ ದೇವರು ಹೀಗೆ ಮಾಡ್ಬಾರದಿತ್ತು ಅಂತ ಅತ್ತುಬಿಟ್ಳು. ಧೈರ್ಯವಾಗಿರಿ ಅಮ್ಮ. ಏನೂ ಆಗಲ್ಲ."

ನಾನು ಮಗಳನ್ನು ನೋಡಲಿಲ್ಲ. ಅಳಿಯನನ್ನು ನೋಡಿದೆ. ಅವನು ಕೌಂಟರಿನ ಗಾಜಿನ ಹತ್ತಿರ ನಿಂತಿದ್ದ, ಬೆರಳ ತುದಿಯಲ್ಲಿ ಇನ್ನೂ ಒಂದು ಪ್ಲಾಸ್ಟರು ಅಂಟಿಕೊಂಡಿತ್ತು. ಅವನನ್ನು ನಾನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಎಷ್ಟು ಕೆಣಕಿದರೂ ಅಳಿಯಂದಿರೇ, ನೀವು, ತಾವು.

"ಬಾಪ್ಪಾ ಇಲ್ಲಿ" ಎಂದೆ. "ನೀನೇ ಹೇಳು. ನಾನು ನಿನ್ನ ಪಕ್ಕ ಇರ್ತೀನಿ."

ಮಗಳು ನನ್ನ ತೋಳು ಬಿಟ್ಟಳು. ಅಳಿಯ ಬಂದ. ಅವನ ಕೈ ಹಿಡಿದುಕೊಂಡೆ. ಅವನು ಎಲ್ಲವನ್ನೂ ಹೇಳಿದ. ಅಳತೆ, ಡ್ರೈವರ್, ಚೌಕ, ಪ್ಲಾಸ್ಟರು, ಒಂದೂ ಬಿಡಲಿಲ್ಲ. ಮೊದಲು ಸತ್ತಿದ್ದಾಳೆ ಎಂದು ಹೇಳಿ, ಆಮೇಲೆ ಹೇಗೆ ಎಂದು ಹೇಳಿದ. ಕೆಟ್ಟ ಎಂಜಿನ್ನಿನ ಬಗ್ಗೆ ಕೇಳುವವನಂತೆ ಆ ಮನುಷ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಹೆಂಡತಿಯ ಪರದೆಯ ಕಡೆ ಹೋಗಲಿಲ್ಲ. ಗಾಜಿನಾಚೆಯ ಸ್ಕ್ರೀನನ್ನು ನೋಡಿದ.

"ಅವಳ ಗೆರೆ ಅಲ್ಲಿ ಬರ್ತಾ ಇತ್ತಾ?"

"ಬರ್ತಾ ಇತ್ತು" ಎಂದ ಅಳಿಯ.

"ನಿಂತು ನಿಂತು ಬರೋದು ಗೊತ್ತಾಗೋ ಹಾಗಿತ್ತಾ?"

"ಸ್ಪಷ್ಟವಾಗಿ ಕಾಣ್ತಾ ಇತ್ತು."

"ಹಾಗಿದ್ರೆ ಯಾರೂ ನೋಡ್ಲಿಲ್ವಾ?"

ಅಳಿಯ ನನ್ನ ಕಡೆ ತಿರುಗಿದ. ನಾನು ಹೇಳಬೇಕಾಯಿತು.

"ನೋಡಿದ್ವಪ್ಪಾ" ಎಂದೆ. "ಎಲ್ಲರೂ ನೋಡ್ತಾ ಇದ್ವಿ. ನಿನ್ನೆಯೆಲ್ಲ ನಾನು ಬೇರೆ ಏನೂ ನೋಡೇ ಇಲ್ಲ."